ಸಾಲು ಅಳಿಸಿದ ತಕ್ಷಣ ಆ್ಯಪ್ ಕ್ರ್ಯಾಶ್ ಆಗುವುದೇಕೆ?

ಪ್ರಶ್ನೆ: ಸ್ವಿಫ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಐಫೋನ್‌ಗೆ ದಿನಸಿ ಪಟ್ಟಿಯ ಆ್ಯಪ್ ಮಾಡುತ್ತಿದ್ದೇನೆ. ಟೇಬಲ್ ವ್ಯೂನಲ್ಲಿ (ಪಟ್ಟಿಯನ್ನು ಸಾಲುಸಾಲಾಗಿ ತೋರಿಸುವ ಭಾಗ) ಸ್ವೈಪ್ ಮಾಡಿ ಸಾಲು ಡಿಲೀಟ್ ಮಾಡಿದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ. ಸಾಲು ತೆಗೆಯುವ ಡಿಲೀಟ್‌ರೋಸ್ ಬದಲು ಇಡೀ ಪಟ್ಟಿಯನ್ನು ಮತ್ತೆ ತೋರಿಸುವ ರೀಲೋಡ್‌ಡೇಟಾ ಕರೆದರೆ ಕ್ರ್ಯಾಶ್ ಇಲ್ಲ, ಆದರೆ ಸಾಲೂ ಹೋಗುವುದಿಲ್ಲ. ಮುಂದೆ ಹಲವು ಸಾಲು ಒಟ್ಟಿಗೆ ಅಳಿಸುವುದೂ ಬೇಕು. ಎಲ್ಲಿ ತಪ್ಪಿದೆ?

ಉತ್ತರ: ನೀವು ಸಾಲು ತೆಗೆಯುತ್ತಿದ್ದೀರಿ, ಅರೇಯಲ್ಲಿರುವ (ಕೋಡ್‌ನಲ್ಲಿ ಡೇಟಾ ಇಟ್ಟಿರುವ ಪಟ್ಟಿ) ಐಟಂ ತೆಗೆಯುತ್ತಿಲ್ಲ. ರೀಲೋಡ್ ಮಾಡಿದರೂ ಸಾಲು ಉಳಿಯುತ್ತದೆ ಅಂದರೆ ಅದೇ ಅರ್ಥ ಅಲ್ವಾ? ಟೇಬಲ್ ವ್ಯೂ ತನ್ನ ಹತ್ತಿರ ಡೇಟಾ ಇಟ್ಟುಕೊಳ್ಳುವುದಿಲ್ಲ. 5 ಸಾಲಿದ್ದು ಒಂದನ್ನು ಅಳಿಸಲು ಹೇಳಿದರೆ, ಅದು ಮತ್ತೆ ನಿಮ್ಮ ಡೇಟಾ ಸೋರ್ಸ್‌ಗೆ (ಟೇಬಲ್‌ಗೆ ಡೇಟಾ ಕೊಡುವ ಕೋಡ್) ಎಷ್ಟು ಸಾಲಿದೆ ಎಂದು ಕೇಳುತ್ತದೆ. 4 ಬರಬೇಕಿತ್ತು, 5 ಬಂತು, ಲೆಕ್ಕ ತಾಳೆ ಆಗಲಿಲ್ಲ, ಅಲ್ಲೇ ಕ್ರ್ಯಾಶ್. ಹಾಗಾಗಿ ಮೊದಲು ಅರೇಯಿಂದ ತೆಗೆಯಿರಿ, ಆಮೇಲೆ ಡಿಲೀಟ್‌ರೋಸ್ ಕರೆಯಿರಿ. ಜೊತೆಗೆ ರೀಲೋಡ್‌ಡೇಟಾ ಬೇಡ, ಸುಮ್ನೆ ಅನಿಮೇಷನ್ ಹಾಳಾಗುತ್ತದೆ.

ಹಲವು ಸಾಲು ಅಳಿಸುವಾಗ ಇನ್ನೂ ಜಾಸ್ತಿ ಎಚ್ಚರ ಬೇಕು, ಯಾಕೆಂದರೆ ಅಲ್ಲಿನ ತಪ್ಪಿಗೆ ಕ್ರ್ಯಾಶೇ ಆಗದೆ ಇರಬಹುದು. ಅಕ್ಕಿ, ಬೇಳೆ, ಬೆಲ್ಲ, ಉಪ್ಪು, ಎಣ್ಣೆ ಇವೆ ಅನ್ನಿ. ಎಣಿಕೆ 0ಯಿಂದ. 1 ಮತ್ತು 3, ಅಂದರೆ ಬೇಳೆ ಮತ್ತು ಉಪ್ಪು ಹೋಗಬೇಕು. ಮೊದಲು 1 ತೆಗೆದರೆ ಉಳಿದವೆಲ್ಲ ಒಂದೊಂದು ಮೇಲೆ ಸರಿಯುತ್ತವೆ, ಈಗ 3ರಲ್ಲಿ ಇರುವುದು ಎಣ್ಣೆ, ಅದೇ ಹೋಗುತ್ತದೆ. ಲೆಕ್ಕ ಸರಿ ಇರುವುದರಿಂದ ಟೇಬಲ್ ಸುಮ್ಮನಿರುತ್ತದೆ, ಪರದೆಯ ಮೇಲೆ ಉಪ್ಪು ಮಾಯವಾಗಿರುತ್ತದೆ, ಆದರೆ ಅರೇಯಲ್ಲಿ ಹೋಗಿರುವುದು ಎಣ್ಣೆ. ಬಳಸುವವರ ಡೇಟಾ ಅವರಿಗೇ ಗೊತ್ತಿಲ್ಲದೆ ಕಳೆದುಹೋಗುವುದು ಕ್ರ್ಯಾಶ್‌ಗಿಂತ ಕೆಟ್ಟದ್ದು. ಇಂಡೆಕ್ಸ್‌ಗಳನ್ನು, ಅಂದರೆ ಈ ಸ್ಥಾನ ಸಂಖ್ಯೆಗಳನ್ನು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಕೊಂಡು ಅರೇಯಿಂದ ತೆಗೆಯಿರಿ, ನಂತರ ಎಲ್ಲ ಇಂಡೆಕ್ಸ್‌ಪಾತ್‌ಗಳನ್ನು (ಟೇಬಲ್‌ನಲ್ಲಿ ಸಾಲು ಎಲ್ಲಿದೆ ಎಂದು ಹೇಳುವ ವಿಳಾಸ) ಒಂದೇ ಡಿಲೀಟ್‌ರೋಸ್‌ಗೆ ಕೊಡಿ.

ಸೆಲ್ (ಒಂದು ಸಾಲನ್ನು ತೋರಿಸುವ ಚೌಕಟ್ಟು) ಒಳಗೆ ಡಿಲೀಟ್ ಬಟನ್ ಇಟ್ಟು ಅದರ ಟ್ಯಾಗ್‌ನಲ್ಲಿ (ಬಟನ್‌ಗೆ ಅಂಟಿಸುವ ಅಂಕಿ) ಸಾಲಿನ ಸಂಖ್ಯೆ ಬರೆಯುವವರೂ ಇದ್ದಾರೆ. ಮಾಡಬೇಡಿ. ಒಂದು ಸಾಲು ಹೋದ ಮೇಲೆ ಕೆಳಗಿನ ಸೆಲ್‌ಗಳಲ್ಲಿ ಹಳೇ ಸಂಖ್ಯೆಯೇ ಉಳಿದಿರುತ್ತದೆ. ಒಂದು ಸೆಕ್ಷನ್‌ನಲ್ಲಿ (ಸಾಲುಗಳ ಗುಂಪು) ಉಳಿದಿದ್ದ ಕೊನೇ ಸಾಲೂ ಅಳಿಸಿದಾಗ ನಿಮ್ಮ ಡೇಟಾದಲ್ಲಿ ಆ ಸೆಕ್ಷನ್ನೇ ಇಲ್ಲವಾಗುತ್ತದೆ ಎಂದಾದರೆ, ಡಿಲೀಟ್‌ಸೆಕ್ಷನ್ಸ್ ಕರೆಯಬೇಕು.

ಹೊಸ ಆ್ಯಪ್ ಆದ್ದರಿಂದ ನನ್ನ ಸಲಹೆ ಡಿಫಬಲ್ ಡೇಟಾ ಸೋರ್ಸ್. 2019ರಲ್ಲಿ ಐಓಎಸ್ 13ರ ಜೊತೆ ಬಂತು. ಹೊಸ ಪಟ್ಟಿಯ ಸ್ನ್ಯಾಪ್‌ಶಾಟ್ (ಆ ಕ್ಷಣದ ಪೂರ್ತಿ ಚಿತ್ರಣ) ಕೊಟ್ಟರೆ ಏನು ಹೋಯಿತು, ಏನು ಬಂತು ಎಂದು ಅದೇ ಲೆಕ್ಕ ಹಾಕುತ್ತದೆ. ಒಂದೇ ಒಂದು ಷರತ್ತು, ಪ್ರತಿ ಐಟಂಗೂ ಬೇರೆ ಬೇರೆ ಐಡಿ ಇರಬೇಕು. ಹೆಸರನ್ನೇ ಐಡಿ ಮಾಡಿಕೊಂಡರೆ ಪಟ್ಟಿಯಲ್ಲಿ ಎರಡು ಸಲ ಅಕ್ಕಿ ಬಂದ ದಿನ ಮತ್ತೆ ಕ್ರ್ಯಾಶ್ ಆಗುತ್ತದೆ, ಯುಯುಐಡಿ (ಪ್ರತಿ ಸಲವೂ ಬೇರೆಯಾಗಿಯೇ ಬರುವ ಗುರುತು) ಬಳಸಿ.