ಓದುಗರ ಪ್ರಶ್ನೆ: ಲ್ಯಾಪ್‌ಟಾಪಿನ ಸ್ಟಿಕ್ಕರ್ ಬೇರೆ, ಒಳಗಿನ ಸರಕು ಬೇರೆ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳು ಬಿಸಿಎ ಸೇರ್ಯಾಳ್ರಿ. ಅಂಗಡ್ಯಾಗ ಎರಡು ಲ್ಯಾಪ್‌ಟಾಪ್ ತೋರ್ಸಿದ್ರು. ಎರಡರ ಮ್ಯಾಲೂ ‘ರೈಜನ್ 5’ ಅಂತ ಸ್ಟಿಕ್ಕರ್ ಐತಿ, ಎರಡಕ್ಕೂ 8 ಜಿಬಿ ರ‍್ಯಾಮ್. ಒಂದು 7520ಯು, ಇನ್ನೊಂದು 7530ಯು. ರೇಟಿನ್ಯಾಗ ಮಾತ್ರ ಎಂಟು ಸಾವಿರ ಫರಕ್. ಹತ್ತು ನಂಬರಿಗೆ ಎಂಟು ಸಾವಿರ ಕೊಡಬೇಕೇನ್ರಿ?
— ಗಂಗಾವತಿಯ ಓದುಗರು

ಉತ್ತರ: ಕೊಡಿ. ವಿಷಯ ಇರುವುದೇ ಆ ಹತ್ತು ನಂಬರಿನಲ್ಲಿ. ರೈಜನ್ ತಯಾರಿಸುವ ಎಎಂಡಿ ಕಂಪನಿ 7000 ಸರಣಿಯ ಲ್ಯಾಪ್‌ಟಾಪ್ ಚಿಪ್ಪುಗಳಿಗೆ ಹೆಸರಿಡುವಾಗ, ಒಳಗಿನ ವಿನ್ಯಾಸ ಎಷ್ಟು ಹಳೆಯದು ಎಂಬುದನ್ನು ಮೂರನೇ ಅಂಕಿಯಲ್ಲಿ ಅಡಗಿಸಿಟ್ಟಿದೆ. ಮೊದಲಿನ 7 ಅಂದರೆ 2023ರ ಸಾಲಿನ ಮಾಲು ಅಂತ, ಅಷ್ಟೇ. 7520ಯು ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, 4 ಕೋರ್ (ಲೆಕ್ಕ ಮಾಡುವ ಘಟಕ), 4 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ, ವೇಗದ ಮೆಮೊರಿ). 7530ಯು ಒಳಗೆ 2020ರ ಝೆನ್ 3, 6 ಕೋರ್, 16 ಎಂಬಿ ಕ್ಯಾಶ್. ಹೆಸರು ಅಣ್ಣತಮ್ಮಂದಿರದು, ಕಸುವಿನಲ್ಲಿ ಸಂಬಂಧವೇ ಇಲ್ಲ.

ಅದಕ್ಕಿಂತ ದೊಡ್ಡ ತೊಡಕು ರ‍್ಯಾಮಿನದು. 7520ಯುಗೆ ಎಲ್‌ಪಿಡಿಡಿಆರ್5 ಎಂಬ ಜಾತಿಯ ರ‍್ಯಾಮ್ ಮಾತ್ರ ಒಗ್ಗುತ್ತದೆ. ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇವತ್ತು 8 ಜಿಬಿ ಕೊಂಡರೆ ಮೂರು ವರ್ಷವೂ 8 ಜಿಬಿಯೇ. ಬಿಸಿಎ ಮಕ್ಕಳು ಆಂಡ್ರಾಯ್ಡ್ ಸ್ಟುಡಿಯೋ ತೆರೆದು, ಅದರಲ್ಲಿ ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್) ಓಡಿಸಿ, ಪಕ್ಕದಲ್ಲಿ ಬ್ರೌಸರಿನ ಹತ್ತು ಟ್ಯಾಬ್ ಇಟ್ಟರೆ 8 ಜಿಬಿ ಸಾಲುವುದಿಲ್ಲ. 7530ಯು ಇರುವ ಮಾಡೆಲ್‌ಗಳಲ್ಲಿ ಹಲವಕ್ಕೆ ರ‍್ಯಾಮ್ ಸ್ಲಾಟ್ ಇರುತ್ತದೆ, ಎಲ್ಲಕ್ಕೂ ಇರುವುದಿಲ್ಲ. ಅಂಗಡಿಯವರ ಮಾತಿಗೆ ಕಾಯಬೇಡಿ. ಡೆಮೊ ಪೀಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಪರ್ಫಾರ್ಮೆನ್ಸ್’ನಲ್ಲಿ ‘ಮೆಮೊರಿ’ ಒತ್ತಿ, ಕೆಳಗೆ ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲು ನೋಡಿ. ‘ಸೋಡಿಮ್’ ಎಂದಿದ್ದರೆ ಬಿಚ್ಚಿ ಹಾಕುವ ರ‍್ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆಯದು. ‘ಸ್ಲಾಟ್ಸ್ ಯೂಸ್ಡ್ 1 ಆಫ್ 2’ ಎಂದು ಕಂಡರೆ ಇನ್ನೊಂದು 8 ಜಿಬಿ ಆಮೇಲೆ ಕೂಡಿಸಬಹುದು. ಜೋಡಿ ರ‍್ಯಾಮಿದ್ದರೆ ಚಿಪ್ಪಿನೊಳಗಿನ ಗ್ರಾಫಿಕ್ಸಿಗೂ ಹುರುಪು ಬರುತ್ತದೆ.

ಇಂಟೆಲ್ ಕಂಪನಿಯ ಚಿಪ್ ಇರುವುದನ್ನು ತೋರಿಸಿದರೆ ಕೊನೆಯ ಅಕ್ಷರ ನೋಡಿ. ಐ5-1235ಯು ಎಂಬುದಕ್ಕೆ 10 ಕೋರ್, ಐ5-12450ಎಚ್‌ಗೆ 8. ಕೋರ್ ಎಣಿಸಿದರೆ ಮೋಸ ಹೋಗುತ್ತೀರಿ: ಮೊದಲಿನದರ ಹತ್ತರಲ್ಲಿ ದೊಡ್ಡ ಕೋರ್ ಎರಡೇ, ಎರಡನೆಯದರ ಎಂಟರಲ್ಲಿ ನಾಲ್ಕು. ‘ಯು’ 15 ವಾಟ್‌ನ ಚಿಪ್, ‘ಎಚ್’ 45 ವಾಟ್‌ನದು. ದಿನವಿಡೀ ಬ್ಯಾಟರಿ ಬರಬೇಕು, ಕೆಲಸ ಹಗುರ ಅಂದರೆ ‘ಯು’. ಕ್ಯಾಡ್, ವಿಡಿಯೊ ಎಡಿಟಿಂಗ್ ಅಂದರೆ ‘ಎಚ್’, ಚಾರ್ಜರ್ ಜೊತೆಗೇ ಇರಲಿ.

ಇನ್ನು ಬಾಡಿ. ಮುಚ್ಚಳವನ್ನು ನಿಧಾನಕ್ಕೆ ತೆರೆಯುತ್ತ ಹಿಂಜ್ ಇರುವ ಮೂಲೆಯ ಮೇಲೇ ಕಣ್ಣಿಡಿ. ಪರದೆಯ ಸುತ್ತಲಿನ ಪ್ಲಾಸ್ಟಿಕ್ ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಆ ಪೀಸ್ ಬೇಡ. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಹಿಂಜಿನ ತಿರುಪು ಕೂರುವುದು ಪ್ಲಾಸ್ಟಿಕ್ಕಿನಲ್ಲಿ ಒತ್ತಿಟ್ಟ ಸಣ್ಣ ಹಿತ್ತಾಳೆ ನಟ್ಟಿನಲ್ಲಿ. ಹಿಂಜ್ ಬಿಗಿಯಿದ್ದರೆ ಪ್ರತಿ ಸಲ ತೆರೆದಾಗಲೂ ಆ ನಟ್ಟನ್ನು ಮೇಲಕ್ಕೆ ಕೀಳುತ್ತಿರುತ್ತದೆ. ಒಂದು ದಿನ ಟಕ್ಕೆಂದು ಕಿತ್ತು ಬರುತ್ತದೆ, ಆಗ ಬಾಡಿಯನ್ನೇ ಬದಲಿಸಬೇಕು. ಮಗಳಿಗೆ ಮೂಲೆ ಹಿಡಿದು ತೆರೆಯಬೇಡ, ನಡುಮಧ್ಯ ಹಿಡಿದು ತೆರೆ ಅಂತ ಹೇಳಿ. ವಾರಂಟಿ ‘ಆನ್‌ಸೈಟ್’ ಇದೆಯೇ, ನಾವೇ ಒಯ್ದು ಕೊಡಬೇಕೇ ಎಂದೂ ಕೇಳಿ. ದುಡ್ಡು ಕೊಡುವ ಮೊದಲು ಕಂಪನಿಯ ಸರ್ವಿಸ್ ಪುಟದಲ್ಲಿ ನಿಮ್ಮ ಊರಿನ ಪಿನ್‌ಕೋಡ್ ಹಾಕಿ ನೋಡಿದರೆ ರಿಪೇರಿಗೆ ಎಲ್ಲಿಗೆ ಹೋಗಬೇಕೆಂದು ಅಲ್ಲೇ ತಿಳಿಯುತ್ತದೆ.

ಪ್ರಶ್ನೆ: ಮಧ್ಯಾಹ್ನ ಎರಡರಿಂದ ಐದರ ತನಕ ಲ್ಯಾಪ್‌ಟಾಪ್ ಎತ್ತಿನ ಬಂಡಿ ಆಗ್ತದ. ರಾತ್ರಿ ಅದೇ ಕೆಲಸ ಜಲ್ದಿ ಮುಗಿತದ. ವೈರಸ್ ಅಂತ ಫಾರ್ಮ್ಯಾಟ್ ಮಾಡ್ಸಿದ್ರು, ಹಂಗೇ ಅದ. ತಗೊಂಡು ಎರಡೂವರೆ ವರ್ಷ ಆಗ್ಯದ. ಮನ್ಯಾಗ ಏಸಿ ಇಲ್ಲ.
— ರಾಯಚೂರಿನ ಓದುಗರು

ಉತ್ತರ: ವೈರಸ್ಸಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ಇದು ಬಿಸಿಲಿನ ಕೆಲಸ.

ಬಹುಪಾಲು ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ, ಬಳಸುವ ಜಾಗದ ತಾಪಮಾನ 35 ಡಿಗ್ರಿ ಮೀರಬಾರದು ಎಂದು ಬರೆದಿರುತ್ತದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುವುದು ಮಾಮೂಲು. ಒಳಗಿನ ಫ್ಯಾನ್ ತಂಪು ಹುಟ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನೇ ಒಳಗೆ ಎಳೆದು ಹೊರಗೆ ದೂಡುತ್ತದೆ. ಚಿಪ್ ಸುಮಾರು 100 ಡಿಗ್ರಿ ತಲುಪಿದಾಗ ಸುಟ್ಟುಹೋಗದಿರಲೆಂದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಕೋಣೆ 25 ಡಿಗ್ರಿ ಇದ್ದರೆ ಬಿಸಿ ಹೊರಹೋಗಲು 75 ಡಿಗ್ರಿಯ ಅಂತರ ಸಿಗುತ್ತದೆ. ಕೋಣೆ 42 ಇದ್ದರೆ ಉಳಿಯುವುದು 58. ಅಂದರೆ ಅದೇ ಫ್ಯಾನ್ ಹೊರಹಾಕುವ ಬಿಸಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗ ಖೋತಾ.

ಖಾತ್ರಿ ಮಾಡಿಕೊಳ್ಳಲು ಟಾಸ್ಕ್ ಮ್ಯಾನೇಜರಿನ ‘ಸಿಪಿಯು’ ಪುಟ ತೆರೆದಿಡಿ. ಒಂದೇ ಕೆಲಸವನ್ನು ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಮಾಡಿ ‘ಸ್ಪೀಡ್’ ಬರೆದುಕೊಳ್ಳಿ. ‘ಯುಟಿಲೈಸೇಶನ್’ ನೂರರ ಹತ್ತಿರ ಇದ್ದೂ ಮಧ್ಯಾಹ್ನದ ಸ್ಪೀಡ್ ಕುಸಿದಿದ್ದರೆ ಅನುಮಾನವೇ ಬೇಡ.

ಎರಡೂವರೆ ವರ್ಷ ಒಳಗೆ ಕೈಯಾಡಿಸಿಲ್ಲವೆಂದರೆ ದೂಳೂ ಸೇರಿದೆ. ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿ ಇರುವ ಊರುಗಳಲ್ಲಿ ಎಳೆ ಮತ್ತು ಹೊಟ್ಟಿನ ಪುಡಿ ಗಾಳಿಯಲ್ಲೇ ಇರುತ್ತದೆ. ಹೊರಗಿನ ಜಾಲರಿ ಶುಭ್ರವಾಗಿ ಕಂಡರೆ ನಂಬಬೇಡಿ. ದೂಳು ಕೂರುವುದು ಫ್ಯಾನಿಗೂ ಬಿಸಿ ಬಿಡುವ ಲೋಹದ ಪಟ್ಟಿಗಳಿಗೂ ನಡುವಿನ ಸಂದಿಯಲ್ಲಿ, ಕಂಬಳಿ ತುಂಡಿನ ಹಾಗೆ ಒತ್ತಾಗಿ. ಫ್ಯಾನ್ ಜೋರು ಸದ್ದು ಮಾಡುತ್ತಿದೆ, ಹೊರಗೆ ಕೈ ಹಿಡಿದರೆ ಗಾಳಿ ಬರುತ್ತಿಲ್ಲ ಅಂದರೆ ಅದು ಕಟ್ಟಿಕೊಂಡಿದೆ ಎಂದೇ ಅರ್ಥ.

ವಾರಂಟಿ ಮುಗಿದಿದ್ದು, ಕೈ ಪಳಗಿದ್ದರೆ ನೀವೇ ಬಿಚ್ಚಬಹುದು. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ತಿರುಪು ತೆಗೆದ ಹಾಗೆಲ್ಲ ಅದೇ ಜಾಗದ ಪ್ರಕಾರ ಕಾಗದಕ್ಕೆ ಚುಚ್ಚಿಡಿ. ಗಿಡ್ಡ ತಿರುಪಿನ ತೂತಿಗೆ ಉದ್ದನೆಯದು ಹಾಕಿದರೆ ಕೀಬೋರ್ಡಿನ ಕಡೆ ಉಬ್ಬು ಬರುತ್ತದೆ, ಬೋರ್ಡೂ ಕೆಡಬಹುದು. ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಿ, ಆಮೇಲೆ ಉಳಿದದ್ದು. ಫ್ಯಾನಿನ ರೆಕ್ಕೆಗೆ ಹಲ್ಲುಕಡ್ಡಿ ಕೊಟ್ಟು ತಿರುಗದಂತೆ ಹಿಡಿದು ಬ್ರಷ್‌ನಿಂದ ಒರೆಸಿ, ಕೈ ಬ್ಲೋವರಿನಿಂದ ಊದಿ. ಹಿಡಿಯದೆ ಊದಿದರೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡವೇ ಬೇಡ, ಅದರಲ್ಲಿ ನೀರಿನ ಹನಿ ಇರುತ್ತದೆ. ಚಿಪ್ಪಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಹೊಸದು ಹಾಕಿ. ಒಂದು ಅಕ್ಕಿ ಕಾಳಿನಷ್ಟು ಸಾಕು. ಸೋನಾ ಮಸೂರಿ ಲೆಕ್ಕದಲ್ಲಿ ಹೇಳುತ್ತಿದ್ದೇವೆ, ಹುರಿಗಡಲೆ ಲೆಕ್ಕದಲ್ಲಿ ಅಲ್ಲ.

ಅಲ್ಲಿಯವರೆಗೆ ಹಿಂಬದಿಯನ್ನು ಎರಡು ಮೂರು ಸೆಂ.ಮೀ. ಎತ್ತರಿಸಿಡಿ, ಹಾಸಿಗೆ ಮೇಲಿಡಬೇಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 100 ಇದ್ದದ್ದನ್ನು 99 ಮಾಡಿದರೆ ಟರ್ಬೊ (ಚಿಪ್ ತಾನಾಗಿ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಲ್ಲುತ್ತದೆ, ಬಿಸಿ ಇಳಿಯುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ, ಆಗ ಪವರ್ ಮೋಡ್ ಅನ್ನು ‘ಬೆಸ್ಟ್ ಪವರ್ ಎಫಿಶಿಯನ್ಸಿ’ಗೆ ಇಡಿ. ಟಾಪ್ ವೇಗ ಕಮ್ಮಿಯಾದರೂ ಓಟ ಒಂದೇ ಸಮ ಇರುತ್ತದೆ. ನೀರಿನ ಕೂಲರ್ ಇದ್ದರೆ ಅದರ ಬಾಯಿಗೆ ನೇರ ಇಡಬೇಡಿ, ಬೋರ್‌ವೆಲ್ ನೀರಿನ ಉಪ್ಪು ಹನಿಯ ಜೊತೆ ಒಳಗೆ ಹೋಗುತ್ತದೆ. ಲೆನೊವೊ, ಏಸಸ್, ಡೆಲ್‌ನಂಥ ಕಂಪನಿಗಳ ಸ್ವಂತ ಆ್ಯಪ್‌ಗಳಲ್ಲಿ ಬ್ಯಾಟರಿ ಚಾರ್ಜನ್ನು 80ರ ಆಸುಪಾಸಿಗೆ ನಿಲ್ಲಿಸುವ ಆಯ್ಕೆ ಇರುತ್ತದೆ, ಬೇಸಿಗೆಯಲ್ಲಿ ಹಾಕಿಡಿ. ಬಿಸಿ ಮತ್ತು ಪೂರ್ತಿ ಚಾರ್ಜು ಎರಡೂ ಕೂಡಿದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ. ಟಚ್‌ಪ್ಯಾಡ್ ಉಬ್ಬಿ ಕ್ಲಿಕ್ ಆಗುವುದು ನಿಂತರೆ ಬ್ಯಾಟರಿ ಊದಿದೆ. ಅವತ್ತೇ ಬಳಕೆ ನಿಲ್ಲಿಸಿ, ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ.

ಪ್ರಶ್ನೆ: ಅಲ್ಯೂಮಿನಿಯಂ ಬಾಡಿ ಅಂತ ಹೆಚ್ಚು ರೊಕ್ಕ ಕೊಟ್ಟು ತಗೊಂಡೆ. ಚಾರ್ಜಿಗೆ ಹಾಕಿದಾಗ ಮುಂಗೈ ಜುಮ್ ಅಂತೈತಿ. ಟೆಸ್ಟರ್ ಇಟ್ರ ದೀಪ ಹತ್ತತೈತಿ. ಪೀಸೇ ಖರಾಬ್ ಐತೇನು?
— ಕುಷ್ಟಗಿಯ ಓದುಗರು

ಉತ್ತರ: ಪೀಸ್ ಸರಿಯೇ ಇರಬಹುದು. ಚಾರ್ಜರಿನೊಳಗೆ ಕರೆಂಟಿನಲ್ಲಿನ ಗಲಿಬಿಲಿ (ನಾಯ್ಸ್) ಸೋಸಲು ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಅತಿ ಸಣ್ಣ ಕರೆಂಟ್ ಬಾಡಿಗೆ ಸೋರುತ್ತದೆ. ಎರಡು ಪಿನ್ನಿನ ಚಾರ್ಜರಿನಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ, ಹಾಗಾಗಿ ಕೈಗೆ ಜುಮ್ಮೆನ್ನುತ್ತದೆ; ಸಾಮಾನ್ಯವಾಗಿ ಅಪಾಯವಿಲ್ಲ. ಮೂರು ಪಿನ್ನಿನದಾಗಿದ್ದೂ ಜುಮ್ಮೆಂದರೆ ಮನೆಯ ಅರ್ಥಿಂಗ್ ಸತ್ತಿರಬಹುದು.

ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ಗೆ ಮಲ್ಟಿಮೀಟರ್ ಇಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 5 ವೋಲ್ಟಿಗಿಂತ ಕಡಿಮೆ ಬರಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ. ಮೊದಲು ಎರಡು ಕೊಡ ನೀರು ಹಾಕಿ ಮತ್ತೆ ಅಳೆಯಿರಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸಾಕೆಟ್ ಒಳಗೇ ಅರ್ಥನ್ನು ನ್ಯೂಟ್ರಲ್‌ಗೆ ಜೋಡಿಸುವ ಚಾಳಿ ಕೆಲವರಿಗಿದೆ. ಒಪ್ಪಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಲ್ಯಾಪ್‌ಟಾಪಿನ ಬಾಡಿಗೆ ಪೂರಾ 230 ವೋಲ್ಟ್ ಬರುತ್ತದೆ, ಫ್ರಿಜ್ಜಿಗೂ ಬರುತ್ತದೆ.

ಪ್ರಶ್ನೆ: ಜೀನ್ಸ್ ಹೊಲಿಗೆ ಘಟಕ ಇದೆ. ಡಿಸೈನ್ ಫೋಟೊಗಳನ್ನು ಗಿರಾಕಿಗಳಿಗೆ ಕಳಿಸುತ್ತೇವೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಕಾಣುವ ನೀಲಿಯೇ ಬೇರೆ, ಬಟ್ಟೆಯ ನೀಲಿಯೇ ಬೇರೆ. ಪ್ರೊಸೆಸರ್ ದೊಡ್ಡದು ಬೇಕೆ?
— ಬಳ್ಳಾರಿಯ ಓದುಗರು

ಉತ್ತರ: ಪ್ರೊಸೆಸರ್ ಅಲ್ಲ, ಪರದೆ. ನಿಮ್ಮದರ ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ, 250 ನಿಟ್ಸ್’ ಎಂದಿದೆಯೇ ನೋಡಿ (ಮೊದಲನೆಯದು ಬಣ್ಣದ ಹರವಿನ ಅಳತೆ, ಎರಡನೆಯದು ಬೆಳಕಿನದು). ಅಂಥ ಪರದೆ ಎಸ್‌ಆರ್‌ಜಿಬಿ ಎಂಬ ಮಾಮೂಲು ಬಣ್ಣಪಟ್ಟಿಯಲ್ಲಿ ಮೂರನೇ ಒಂದು ಪಾಲನ್ನು ತೋರಿಸುವುದೇ ಇಲ್ಲ. ‘100% ಎಸ್‌ಆರ್‌ಜಿಬಿ’, ‘ಐಪಿಎಸ್’ ಅಥವಾ ‘ಓಎಲ್‌ಇಡಿ’, 300 ನಿಟ್ಸ್‌ಗೆ ಕಡಿಮೆಯಿಲ್ಲದ್ದು ಕೇಳಿ. ಆದರೂ ವಾಷ್ ಆದ ಇಂಡಿಗೊವನ್ನು ಬಟ್ಟೆ ಚೂರು ನೋಡಿಯೇ ಒಪ್ಪಿಸಿ, ಗಿರಾಕಿಯ ಫೋನಿನ ಪರದೆ ನಿಮ್ಮ ಕೈಯಲ್ಲಿಲ್ಲ. ಬಿಲ್ಲಿನಲ್ಲಿ ಘಟಕದ ಜಿಎಸ್‌ಟಿ ನಂಬರ್ ಬರೆಸುವುದನ್ನು ಮರೆಯಬೇಡಿ. ಲ್ಯಾಪ್‌ಟಾಪಿಗೆ 18% ತೆರಿಗೆ, ಅಂದರೆ 59,000 ರೂಪಾಯಿ ಬಿಲ್ಲಿನಲ್ಲಿ 9,000 ತೆರಿಗೆಯೇ. ನಿಯಮಿತ ನೋಂದಣಿ ಇದ್ದು ಧಂದೆಗೇ ಬಳಸುವುದಾದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ಬರುತ್ತದೆ. ಕಾಂಪೊಸಿಶನ್ ಸ್ಕೀಮಿನಲ್ಲಿದ್ದರೆ ಬರುವುದಿಲ್ಲ.

ಪ್ರಶ್ನೆ: ಕಂಪನಿಯವರು ಬಳಸಿ ಬಿಟ್ಟ ಐ5 ಲ್ಯಾಪ್‌ಟಾಪ್ ಸಸ್ತಾದಾಗ ಸಿಗ್ತಾವ. ತಗೋಬಹುದಾ?
— ಸಿಂಧನೂರಿನ ಓದುಗರು

ಉತ್ತರ: ತೆಗೆದುಕೊಳ್ಳಬಹುದು, ಬಾಡಿಯ ಗಟ್ಟಿತನದಲ್ಲಿ ಹೊಸ ಅಗ್ಗದ ಮಾಲಿಗಿಂತ ಅವೇ ವಾಸಿ. ಆದರೆ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅಧಿಕೃತವಾಗಿ ಏಳನೇ ತಲೆಮಾರಿಗೆ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಐ5-8350ಯು ಅಂದರೆ ಎಂಟನೆಯದು, ಐ5-7300ಯು ಏಳನೆಯದು.

ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ರೀಸ್ಟಾರ್ಟ್ ಮಾಡಿ ಬಯಾಸ್ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪುಟ) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಹಳೆಯ ಮಾಲೀಕರ ಬೀಗ ಇನ್ನೂ ಇದೆ, ಬಿಟ್ಟುಬಿಡಿ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ’, ಒಂದು ಸ್ಪೇಸ್, ಸ್ಲ್ಯಾಶ್, ‘ಬ್ಯಾಟರಿರಿಪೋರ್ಟ್’ ಎಂದು ಟೈಪಿಸಿ. ವರದಿಯಲ್ಲಿ ‘ಡಿಸೈನ್ ಕೆಪಾಸಿಟಿ’ 41,000 ಇದ್ದು ‘ಫುಲ್ ಚಾರ್ಜ್ ಕೆಪಾಸಿಟಿ’ 24,600 ಇದ್ದರೆ ಬ್ಯಾಟರಿಯಲ್ಲಿ ಉಳಿದ ಜೀವ 60%. ಹೊಸ ಬ್ಯಾಟರಿಯ ಬೆಲೆ ಕೇಳಿ, ಅಷ್ಟನ್ನು ಚೌಕಾಸಿಯಲ್ಲಿ ಇಳಿಸಿ.

ಪ್ರಶ್ನೆ: 512 ಜಿಬಿ ಎಸ್‌ಎಸ್‌ಡಿ ಎಂದು ಬಿಲ್ ಕೊಟ್ಟರು, 476 ಮಾತ್ರ ತೋರಿಸುತ್ತಿದೆ. ಮೋಸವೇ?
— ಕೊಪ್ಪಳದ ಓದುಗರು

ಉತ್ತರ: ಅಲ್ಲ. ತಯಾರಕರು ಒಂದು ಜಿಬಿಗೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 107 ಕೋಟಿ ಚಿಲ್ಲರೆ ಎಂದು. ಡಿಸ್ಕ್ ಅಷ್ಟೇ ಇದೆ, ಅಳೆಯುವ ಸೇರು ಬೇರೆ.