ತೆರಿಗೆ ಕೊಡೋಣ, ಪೂಜೆ ಮಾಡಲ್ಲ

ಪ್ರಶ್ನೆ: ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಲು ಹೋದಾಗ ಗೆಳೆಯರ ನಡುವೆ ವಾದ ಎದ್ದಿತು. ಅಧಿಕಾರಿಗಳಿಗೆ ಅಧೀನರಾಗಿರಿ ಎನ್ನುತ್ತಾನೆ ಯೇಸುವಿನ ಅನುಯಾಯಿ ಪೌಲ. ಬೈಬಲ್‌ನ ಕೊನೆಯ ಪುಸ್ತಕ ಪ್ರಕಟನೆ ಆಗ ಆಳುತ್ತಿದ್ದ ರೋಮನ್ನೇ ಮೃಗ ಎನ್ನುತ್ತದೆ. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಓದಬೇಡಿ, ಕಾಲ ನೋಡಿ. ಪೌಲ ರೋಮಾಪುರದವರಿಗೆ ಪತ್ರ ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ. ರೋಮಿಗೆ ಬೆಂಕಿ ಬಿದ್ದು, ಚಕ್ರವರ್ತಿ ನೀರೋ ಆ ತಪ್ಪನ್ನು ಕ್ರೈಸ್ತರ ತಲೆಗೆ ಕಟ್ಟಿ ಕೊಲ್ಲಿಸಿದ್ದು 64ರಲ್ಲಿ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮಿನ ದೇವಾಲಯವನ್ನೇ ಕೆಡವಿತು. ಪ್ರಕಟನೆ ಬಂದದ್ದು ಇದೆಲ್ಲ ಆದ ಮೇಲೆ, ಸುಮಾರು 95ರಲ್ಲಿ ಎಂದು ಹೆಚ್ಚಿನ ವಿದ್ವಾಂಸರ ಮಾತು. ಹಿಂದೆ ಅಲ್ಲಿದ್ದ ಮೊದಲ ದೇವಾಲಯವನ್ನು ಕೆಡವಿದ್ದು ಬ್ಯಾಬಿಲೋನ್ ಅಲ್ವಾ, ಅದಕ್ಕೇ ಪ್ರಕಟನೆಯಲ್ಲಿ ರೋಮಿಗೂ ಅದೇ ಹೆಸರು.

ಪ್ರಕಟನೆಯ 18ನೇ ಅಧ್ಯಾಯ ಓದಲೇಬೇಕು. ರೋಮ್ ಕೊಳ್ಳುತ್ತಿದ್ದ ಸರಕಿನ ಪಟ್ಟಿ ಅಲ್ಲಿದೆ: ಚಿನ್ನ, ಮುತ್ತು, ರೇಷ್ಮೆ, ದಾಲ್ಚಿನ್ನಿ, ಗೋಧಿ, ಕುರಿ, ಕುದುರೆ, ಕೊನೆಗೆ ಮನುಷ್ಯರು. ಗುಲಾಮರ ವ್ಯಾಪಾರವನ್ನು ಹೀಗೆ ಪಟ್ಟಿಯ ತುದಿಗೆ ತಂದು ನಿಲ್ಲಿಸಿದ ಆ ಲೇಖಕನ ಸಿಟ್ಟು ಬರೀ ಚಕ್ರವರ್ತಿಯ ಪೂಜೆಯ ವಿಷಯಕ್ಕಲ್ಲ, ಆ ಸಂಪತ್ತು ಎಲ್ಲಿಂದ ಬಂತು ಅನ್ನೋದಕ್ಕೂ ಹೌದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಆಮೇಲೂ ಜಗ್ಗಾಟ ನಿಲ್ಲಲಿಲ್ಲ. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ರಾಜ್ಯಪಾಲ, ಕ್ರೈಸ್ತರೆಂಬ ಆರೋಪ ಬಂದವರ ಕೈಯಲ್ಲಿ ಚಕ್ರವರ್ತಿ ಟ್ರಾಜನ್‌ನ ಮೂರ್ತಿಗೆ ಧೂಪ, ದ್ರಾಕ್ಷಾರಸ ಅರ್ಪಣೆ ಮಾಡಿಸಿ ನೋಡುತ್ತಿದ್ದ. ಒಪ್ಪದೆ ಹಟ ಹಿಡಿದವರಿಗೆ ಮರಣದಂಡನೆ. ಉತ್ತರ ಆಫ್ರಿಕಾದ ಕಾರ್ತೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ 197ರ ಹೊತ್ತಿಗೆ ನೇರವಾಗಿಯೇ ಬರೆದ: ಚಕ್ರವರ್ತಿಗಾಗಿ ಪ್ರಾರ್ಥಿಸುತ್ತೇವೆ, ಆದರೆ ಅವನನ್ನು ದೇವರು ಎನ್ನುವುದಿಲ್ಲ.