ಥ್ರೆಡಿಂಗ್ ಕುರ್ಚಿಗೇ ನಿಲ್ಲಬೇಡಿ

ಊರಲ್ಲಿ ಐದು ವರ್ಷ ಪಾರ್ಲರ್ ನಡೆಸಿ ಈಗ ಎಚ್-4ರಲ್ಲಿ (ಯಜಮಾನರ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ವೀಸಾ) ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೀನಿ, ಕಾಸ್ಮೆಟಾಲಜಿ (ಕೂದಲು, ಚರ್ಮ, ಉಗುರಿನ ಸೌಂದರ್ಯ ವಿದ್ಯೆ) ಸ್ಕೂಲ್ ಸೇರಲಾ, ಇಲ್ಲ ಥ್ರೆಡಿಂಗ್ ಮಾಡ್ಕೊಂಡಿದ್ರೆ ಸಾಕಾ ಅಂತ ಕೇಳಿದ್ದೀರಿ. ಸೇರಿ. ನಾನು ಬಂದಾಗ ಲೈಸೆನ್ಸ್‌ಗೆ 1600 ಗಂಟೆ ಕಲಿಕೆ ಕಡ್ಡಾಯವಿತ್ತು, ಅದನ್ನು ಕೇಳಿಯೇ ಎಷ್ಟೋ ಜನ ಹಿಂದೆ ಸರಿದರು. 2022ರ ಜನವರಿಯಿಂದ ಅದು 1000ಕ್ಕೆ ಇಳಿದಿದೆ. ಪ್ರಾಕ್ಟಿಕಲ್ ಪರೀಕ್ಷೆ ತೆಗೆದಿದ್ದಾರೆ, ಲಿಖಿತ ಮಾತ್ರ ಇದೆ. ವಾರಕ್ಕೆ 30 ಗಂಟೆ ಹೋದರೆ ಎಂಟು ತಿಂಗಳಲ್ಲಿ ಮುಗಿಯುತ್ತೆ. ಫೇಶಿಯಲ್, ವ್ಯಾಕ್ಸಿಂಗ್ ಅಷ್ಟೇ ಸಾಕು ಅಂದರೆ ಎಸ್ತೆಟಿಶಿಯನ್ ಕೋರ್ಸ್ 600 ಗಂಟೆ, ಉಗುರಿನದು 400.

ಎಚ್-4ರಲ್ಲಿ ಓದಬಹುದು, ಬೇರೆ ವೀಸಾ ಬೇಡ. ಐಟಿಐಎನ್ (ತೆರಿಗೆಗೆ ಕೊಡುವ ಗುರುತಿನ ಸಂಖ್ಯೆ) ಇದ್ದರೆ ಲೈಸೆನ್ಸ್‌ಗೂ ಅರ್ಜಿ ಹಾಕಬಹುದು. ದುಡಿಯೋಕೆ ಮಾತ್ರ ಇಎಡಿ (ಕೆಲಸದ ಅನುಮತಿ ಕಾರ್ಡ್) ಬರಲೇಬೇಕು. ಪರಿಚಯದವರ ಹುಬ್ಬು ತೆಗೆದು ಮನೆಯಲ್ಲೇ ಕ್ಯಾಶ್ ಇಸ್ಕೊಂಡರೂ ಅದು ಕೆಲಸವೇ, ಮುಂದೆ ಗ್ರೀನ್ ಕಾರ್ಡ್‌ಗೆ ತೊಡಕಾಗಬಹುದು.

ಈ ರಾಜ್ಯದಲ್ಲಿ ಥ್ರೆಡಿಂಗ್‌ಗೆ ಲೈಸೆನ್ಸ್ ಬೇಡ. ನಮ್ಮವರನ್ನು ಕಟ್ಟಿಹಾಕಿರುವುದೇ ಅದು. ಇಎಡಿ ಬಂದ ಕೂಡಲೇ ಕೆಲಸ ಸಿಗುತ್ತೆ, ಆಮೇಲೆ ವರ್ಷಗಟ್ಟಲೆ ಅದೇ ಕುರ್ಚಿ. ಗಿರಾಕಿ ಮೇಲ್ತುಟಿಗೆ ವ್ಯಾಕ್ಸ್ ಮಾಡಿ ಅಂದರೂ ಮುಟ್ಟುವ ಹಾಗಿಲ್ಲ. ಅಷ್ಟು ಕೈಚಳಕ ಇರುವ ಹೆಣ್ಣುಮಕ್ಕಳು ಅಲ್ಲೇ ಉಳಿದುಬಿಟ್ಟಿದ್ದು ನೋಡಿದರೆ ನನಗೆ ಇವತ್ತಿಗೂ ಸಂಕಟವಾಗುತ್ತೆ.

ಸ್ಕೂಲಲ್ಲಿ ಅನುಭವ ಇರುವವರೇ ಎಡವುವುದು ಶುಚಿತ್ವದಲ್ಲಿ. ಬಾಚಣಿಗೆಯನ್ನು ಡೆಟ್ಟಾಲ್ ನೀರಲ್ಲಿ ಅದ್ದಿ ತೆಗೆದ ಅಭ್ಯಾಸ ಬಿಡಿ. ಮೊದಲು ಕೂದಲು ತೆಗೆದು, ಸೋಪು ನೀರಲ್ಲಿ ಉಜ್ಜಿ, ತೊಳೆದು, ಒಣಗಿಸಬೇಕು. ಆಮೇಲೆ ಕ್ರಿಮಿನಾಶಕ ದ್ರಾವಣ: ಬಾರ್ಬಿಸೈಡ್ ಆದರೆ 32 ಔನ್ಸ್ ನೀರಿಗೆ 2 ಔನ್ಸ್, 10 ನಿಮಿಷ, ಹಿಡಿ ಸಮೇತ ಪೂರ್ತಿ ಮುಳುಗಿರಬೇಕು. ಕೊಳೆ ಉಳಿದಿದ್ದರೆ ದ್ರಾವಣದ ಶಕ್ತಿ ಅದಕ್ಕೇ ಖರ್ಚಾಗುತ್ತೆ, ಒದ್ದೆಯದನ್ನು ಹಾಕಿದರೆ ತೆಳುವಾಗುತ್ತೆ. ಕದಡಿದ ತಕ್ಷಣ ಬದಲಾಯಿಸಿ. ಚರ್ಮ ಮುಟ್ಟಿದ ವ್ಯಾಕ್ಸ್ ಕಡ್ಡಿ ಮತ್ತೆ ಡಬ್ಬಿಗೆ ಹೋಗಬಾರದು.

ಹೇರ್ ಕಲರ್‌ನಲ್ಲಿ ನೀವೇ ಮುಂದಿರುತ್ತೀರಿ, ಯಾಕಂದ್ರೆ ಮೆಹಂದಿ ಹಚ್ಚಿದ ಕೂದಲು ನಿಮಗೆ ಹೊಸದಲ್ಲ. ಕೆಲವು ಮೆಹಂದಿ ಪುಡಿಗಳಲ್ಲಿ ಲೋಹದ ಲವಣ ಬೆರೆಸಿರುತ್ತಾರೆ. ಕಲರ್‌ಗೆ ಬೆರೆಸುವ ಪೆರಾಕ್ಸೈಡ್ ತಾಗಿದರೆ ಅದು ಬಿಸಿಯೇರಿ ಕೂದಲು ತುಂಡಾಗುತ್ತೆ. ಹಾಗಾಗಿ ಮೊದಲು 20 ವಾಲ್ಯೂಮ್ (ಬಾಟಲಿ ಮೇಲೆ ಬರೆದಿರುವ ತೀವ್ರತೆ) ಪೆರಾಕ್ಸೈಡ್ 1 ಔನ್ಸ್‌ಗೆ 28 ಪರ್ಸೆಂಟ್ ಅಮೋನಿಯಾ 20 ಹನಿ ಹಾಕಿ, ನಾಲ್ಕೆಳೆ ಕೂದಲನ್ನು 30 ನಿಮಿಷ ನೆನೆಸಿ ನೋಡಿ. ಬಿಸಿಯಾದರೆ, ಬಣ್ಣ ತಿರುಗಿದರೆ, ಎಳೆದಾಗ ಕಿತ್ತುಬಂದರೆ ಕಲರ್ ಬೇಡ ಅಂತ ಗಿರಾಕಿಗೆ ನೇರವಾಗಿ ಹೇಳಿ.

ಮುಂದೆ ಸಲೂನ್, ಮದುವೆ ಮೇಕಪ್, ಪಾಠ ಹೇಳೋದು, ಪ್ರಾಡಕ್ಟ್ ಕಂಪನಿ, ಎಲ್ಲ ಇದೆ. ಲೇಸರ್ ಮಾತ್ರ ಈ ಲೈಸೆನ್ಸ್‌ನಲ್ಲಿ ಬರಲ್ಲ, ಅದು ಡಾಕ್ಟರ್, ನರ್ಸ್‌ಗಳ ಕೆಲಸ.

ಫೀಸು ಕಟ್ಟೋ ಮೊದಲು ಹತ್ತಿರದ ಕಮ್ಯುನಿಟಿ ಕಾಲೇಜಲ್ಲಿ ವಿಚಾರಿಸಿ. ಎಲ್ಲಿ ಸೇರಿದರೂ ಸ್ಕೂಲಿಗೆ ಸ್ಟೇಟ್ ಬೋರ್ಡ್ (ಲೈಸೆನ್ಸ್ ಕೊಡುವ ರಾಜ್ಯ ಮಂಡಳಿ) ಅನುಮತಿ ಇರಬೇಕು. ಗಂಟೆಗಳ ಲೆಕ್ಕವನ್ನು ನೀವೂ ಬರೆದಿಡಿ. ಯಜಮಾನರ ಕೆಲಸ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ನಿಯಮ ಬೇರೆ, ಆಗ ಕಲಿತ ಗಂಟೆಗಳಿಗೆ ಪುರಾವೆ ಬೇಕಾಗಬಹುದು, ಹಾಗಾಗಿ ಪ್ರೂಫ್ ಆಫ್ ಟ್ರೈನಿಂಗ್ (ಇಷ್ಟು ಗಂಟೆ ಕಲಿತಿದ್ದಾರೆ ಅನ್ನುವ) ಪತ್ರಕ್ಕೆ ಸಹಿ ಹಾಕಿಸಿಕೊಳ್ಳದೆ ಸ್ಕೂಲ್ ಬಿಡಬೇಡಿ.